ಕುದುರೆ ಓಡುವ ಗೋಮಾಳದಲ್ಲಿ ಒಂಬತ್ತು ಗುಳಿ

“ಏನಪಾ ಇದು? ಸೇಂಟ್ ಆಂಡ್ರೂಸ್ ಬಿಟ್ಟು ಈ ಕುದುರಿ ಮೈದಾನಕ್ಕ ಕರ್ಕೊಂಡು ಬಂದೀಯಲ್ಲೋ!”

ಬಸ್ಸಿಳಿದ ಕೂಡಲೇ ನಮ್ಮ ಹುಬ್ಬಳ್ಳಿ ಗೆಳೆಯ ಹೇಳಿದ ಮಾತು ಇದು. ತಪ್ಪೇನೂ ಹೇಳಿರಲಿಲ್ಲ. ಎದುರಿಗಿದ್ದದ್ದು ನಿಜವಾಗಿಯೂ ಕುದುರೆ ಮೈದಾನವೇ. ಬಿಳಿ ಕಂಬಿಗಳ ದೊಡ್ಡ ಸುತ್ತು, ಒಂದು ಕಡೆ ಪ್ರೇಕ್ಷಕರು ಕೂರುವ ಸ್ಟ್ಯಾಂಡು, ಪಕ್ಕದಲ್ಲೇ ಕಾರು ಬಸ್ಸು ಓಡಾಡುವ ರಸ್ತೆ. ಕಂಬಿಯ ಒಳಗೆ ಸಪಾಟಾದ ಹುಲ್ಲು, ಆ ಹುಲ್ಲಿನಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಬಾವುಟ. ಗಾಲ್ಫ್ ಅಂದರೆ ಕ್ಯಾಲೆಂಡರಿನ ಫೋಟೋ ನೆನಪಾಗುವ ಯಾರಿಗಾದರೂ ನಿರಾಸೆ ಆಗಲೇಬೇಕು. ಆದರೆ ಬ್ರಿಟಿಷ್ ಓಪನ್ ಆರು ಸಲ ನಡೆದದ್ದು ಇದೇ ಹುಲ್ಲಿನ ಮೇಲೆ. 1874, 1877, 1880, 1883, 1886, 1889.

ಊರಿನ ಹೆಸರು ಮಸಲ್‌ಬರ್ಗ್. ಎಡಿನ್‌ಬರೋದಿಂದ ಪೂರ್ವಕ್ಕೆ ಐದಾರು ಮೈಲಿ, ಎಸ್ಕ್ ಅನ್ನೋ ಸಣ್ಣ ಹೊಳೆ ಫರ್ತ್ ಆಫ್ ಫೋರ್ತ್ ಕೊಲ್ಲಿಗೆ ಸೇರುವ ಜಾಗ. ಆಫೀಸಿನ ಕೆಲಸದ ಮೇಲೆ ನಾವಿಬ್ಬರೂ ಐದು ತಿಂಗಳು ಎಡಿನ್‌ಬರೋದಲ್ಲಿದ್ವಿ. ಮೇ ತಿಂಗಳ ಒಂದು ಶನಿವಾರ ಸಿಟಿ ಬಸ್ಸಿನಲ್ಲೇ ಹೋಗಿ ಆಡಿ ಬರಬಹುದಾದ ಲಿಂಕ್ಸ್ ಅಂತ ಹುಡುಕಿದಾಗ ಸಿಕ್ಕಿದ್ದು ಇದು. ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸಿಗೆ ಸೀಸನ್ನಿನಲ್ಲಿ ಒಂದು ಆಟಕ್ಕೆ ನೂರಾರು ಪೌಂಡು, ಅದೂ ಲಾಟರಿಯಲ್ಲಿ ಹೆಸರು ಬಂದರೆ. ಇಲ್ಲಿ ಕಿಟಕಿ ಹತ್ತಿರ ಹೋಗಿ ಸಿನಿಮಾ ಟಿಕೆಟ್ ತಗೊಳ್ಳೋ ಹಾಗೆ ದುಡ್ಡು ಕೊಟ್ಟರೆ ಆಯ್ತು. ಮೆಂಬರ್‌ಶಿಪ್ ಬೇಡ, ಶಿಫಾರಸು ಬೇಡ, ಕಾಲರ್ ಇರುವ ಟೀಶರ್ಟ್ ಹಾಕಿದ್ದೀರಾ ಅಂತ ಯಾರೂ ಮೇಲಿಂದ ಕೆಳಗೆ ನೋಡೋದಿಲ್ಲ.

ಹೋಗುವ ಮುಂಚೆ ನಾನು ಎಲ್ಲ ಐಟಿಯವರ ಹಾಗೆ ‘ಟಾಪ್ 100’ ಪಟ್ಟಿಗಳನ್ನು ತೆರೆದು ಕೂತಿದ್ದೆ. ನಾನು ನೋಡಿದ ಯಾವ ಪಟ್ಟಿಯಲ್ಲೂ ಮಸಲ್‌ಬರ್ಗಿನ ಹೆಸರಿರಲಿಲ್ಲ. ಇದಕ್ಕೆ ಕಾರಣ ಇದೆ. ಪಟ್ಟಿ ಮಾಡುವವರು ನೋಡೋದು ಕೋರ್ಸ್ ಎಷ್ಟು ಉದ್ದ, ಎಷ್ಟು ಕಷ್ಟ, ಹುಲ್ಲು ಎಷ್ಟು ನಯ, ನೋಟ ಎಷ್ಟು ಚೆಂದ ಅನ್ನೋದನ್ನ. ಇಲ್ಲಿರುವುದು ಹದಿನೆಂಟಲ್ಲ, ಬರೀ ಒಂಬತ್ತು ಹೋಲ್. ಒಟ್ಟು ಉದ್ದ ಮೂರು ಸಾವಿರ ಗಜದ ಒಳಗೆ. ಆ ಮಾನದಂಡದಲ್ಲಿ ಇದು ಮೊದಲ ಸುತ್ತಿನಲ್ಲೇ ಔಟ್. ಅದಕ್ಕೆ ನನ್ನ ತಕರಾರು ಪಟ್ಟಿಯ ಅಂಕದ ಮೇಲಲ್ಲ, ಮಾನದಂಡದ ಮೇಲೆ.

ಅದನ್ನು ಹೇಳೋಕೆ ಮುಂಚೆ ಲಿಂಕ್ಸ್ ಅಂದ್ರೇನು ಅಂತ ಹೇಳಬೇಕು. ಎಲ್ಲ ಗಾಲ್ಫ್ ಕೋರ್ಸೂ ಲಿಂಕ್ಸ್ ಅಲ್ಲ. ಸಮುದ್ರಕ್ಕೂ ಉಳುವ ಹೊಲಕ್ಕೂ ನಡುವೆ ಒಂದು ಮರಳು ನೆಲ ಇರುತ್ತೆ. ಬಿತ್ತಿದರೆ ಬೆಳೆಯಲ್ಲ, ನೀರು ನಿಲ್ಲಲ್ಲ, ಗಾಳಿಗೆ ಮರ ನಿಲ್ಲಲ್ಲ. ಬೆಳೆಯೋದು ಗಿಡ್ಡ ಒರಟು ಹುಲ್ಲು ಮಾತ್ರ. ಬೇಸಾಯಕ್ಕೆ ಬಾರದ್ದರಿಂದ ಯಾರೂ ಅದನ್ನು ತಮ್ಮದು ಅಂತ ಹೇಳಿಕೊಳ್ಳಲಿಲ್ಲ, ಹಾಗಾಗಿ ಅದು ಎಲ್ಲರದ್ದಾಯ್ತು. ಕುರಿ ಮೇಯಿಸೋರು, ಬಲೆ ಒಣಗಿಸೋರು, ಬಟ್ಟೆ ಹರಡೋರು, ಬಿಲ್ಲು ಹೊಡೆಯೋರು, ಕೋಲು ಹಿಡಿದು ಚೆಂಡು ಹೊಡೆಯೋರು. ಕುರಿ ಮೇಯ್ದು ಹುಲ್ಲು ಗಿಡ್ಡವಾಯ್ತು. ಗಾಳಿಗೆ ಹೆದರಿ ಕುರಿ ಮುದುಡಿಕೊಂಡ ಕಡೆ ನೆಲ ಸವೆದು ಮರಳು ಗುಂಡಿ ಬಿತ್ತು, ಅದೇ ಬಂಕರ್ ಆಯ್ತು ಅಂತ ಹೇಳ್ತಾರೆ. ಮೊದಮೊದಲಿನ ಕೋರ್ಸುಗಳನ್ನು ಯಾರೂ ಡಿಸೈನ್ ಮಾಡಲಿಲ್ಲ.

ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಅರ್ಥ ಮಾಡಿಕೊಳ್ಳೋಕೆ ಡಿಕ್ಷನರಿ ಬೇಡ. ಇದು ಗೋಮಾಳ. ಸಮುದ್ರದ ಪಕ್ಕದ ಗೋಮಾಳ. ನಮ್ಮೂರಿನ ಗೋಮಾಳದಲ್ಲಿ ನಾನು ದನ ಬಿಟ್ಟುಕೊಂಡು ಚಿನ್ನಿದಾಂಡು ಆಡಿದ್ದೀನಿ. ಚಿನ್ನಿ ಹೋಗಿ ಎಮ್ಮೆಗೆ ತಾಗಿದರೆ ಅದು ಲೆಕ್ಕಕ್ಕಿದೆಯೋ ಇಲ್ಲವೋ ಅಂತ ಜಗಳ ಆಡಿದ್ದೀನಿ. ಗಾಲ್ಫಿನ ಅತಿ ಹಳೆಯ ನಿಯಮಗಳು ಹುಟ್ಟಿದ್ದೂ ಇಂಥ ಜಗಳಗಳಿಂದಲೇ. 1744ರಲ್ಲಿ ಲೀತ್ ಊರಿನ ಲಿಂಕ್ಸ್‌ನಲ್ಲಿ ಆಡುತ್ತಿದ್ದವರು ಬರೆದ ಹದಿಮೂರು ನಿಯಮಗಳಲ್ಲಿ ಚೆಂಡು ಮನುಷ್ಯನಿಗೋ ಕುದುರೆಗೋ ನಾಯಿಗೋ ತಾಗಿ ನಿಂತರೆ ಅಲ್ಲಿಂದಲೇ ಆಡಬೇಕು ಅನ್ನೋದೂ ಒಂದು. ಕುದುರೆಯನ್ನೂ ನಾಯಿಯನ್ನೂ ಹೊರಗೆ ಓಡಿಸಬೇಕು ಅಂತ ನಿಯಮ ಬರೆಯಲಿಲ್ಲ, ಗಮನಿಸಿ. ಅವು ಅಲ್ಲೇ ಇರ್ತಾವೆ, ನೀನು ಹೊಂದಿಕೊಂಡು ಆಡು ಅಂತ ಬರೆದರು.

ಮಸಲ್‌ಬರ್ಗಿನಲ್ಲಿ ಈ ಹೊಂದಿಕೆ ಇವತ್ತಿಗೂ ಉಳಿದಿದೆ. 1816ರಲ್ಲಿ ಕುದುರೆ ರೇಸು ಇಲ್ಲಿಗೆ ಬಂತು. ಗಾಲ್ಫ್ ಅದಕ್ಕಿಂತ ಬಹಳ ಹಳೆಯದು. ಒಬ್ಬರು ಇನ್ನೊಬ್ಬರನ್ನು ಎಬ್ಬಿಸಲಿಲ್ಲ. ರೇಸಿನ ದಿನ ಗಾಲ್ಫ್ ಇಲ್ಲ, ಉಳಿದ ದಿನ ಕುದುರೆ ಓಡುವ ಪಟ್ಟಿಯನ್ನು ದಾಟಿಕೊಂಡು ಆಟ. (ನಮ್ಮ ಮೈಸೂರಿನಲ್ಲೂ ಚಾಮುಂಡಿ ಬೆಟ್ಟದ ಬುಡದಲ್ಲಿ ರೇಸ್‌ಕೋರ್ಸಿನ ಒಳಗೇ ಗಾಲ್ಫ್ ಆಡ್ತಾರೆ. ಆದರೆ ಅದು ಕ್ಲಬ್ಬು.) ಇಲ್ಲಿಯ ನೆಲ ಸ್ಕಾಟ್ಲೆಂಡಿನ ಕಾನೂನಿನಲ್ಲಿ ‘ಕಾಮನ್ ಗುಡ್’ ಅನ್ನೋ ಲೆಕ್ಕಕ್ಕೆ ಸೇರಿದ್ದು. ಹಳೆಯ ಪಟ್ಟಣಗಳ ಆಸ್ತಿ, ಊರಿನವರ ಒಳಿತಿಗೆ ಮೀಸಲು. ಕೌನ್ಸಿಲ್ ನೋಡಿಕೊಳ್ಳುತ್ತೆ ಅಷ್ಟೇ.

ಸರಿ, ಆಟಕ್ಕೆ ಬರ್ತೀನಿ.

ಕಿಟಕಿಯಲ್ಲಿ ಹಿಕರಿ ಮರದ ಹಿಡಿಯ ಹಳೆಯ ಕಾಲದ ಕೋಲುಗಳನ್ನೂ ಬಾಡಿಗೆಗೆ ಕೊಡ್ತಾರೆ. ಗೆಳೆಯ ಒಪ್ಪಲಿಲ್ಲ. ತನ್ನ ಟೈಟಾನಿಯಂ ಡ್ರೈವರನ್ನು ಏರ್‌ಲೈನಿಗೆ ಎಕ್ಸ್‌ಟ್ರಾ ದುಡ್ಡು ಕೊಟ್ಟು ತಂದಿದ್ದ, ಅದನ್ನು ಬಳಸದಿದ್ದರೆ ಹೊಟ್ಟೆ ಉರಿಯುತ್ತಿತ್ತು. ನಾನು ಹಿಕರಿ ತಗೊಂಡೆ. ಈ ಎರಡು ನಿರ್ಧಾರಗಳಿಂದ ನಾವಿಬ್ಬರೂ ಒಂದೇ ನೆಲದ ಮೇಲೆ ಎರಡು ಬೇರೆ ಬೇರೆ ಕೋರ್ಸು ಆಡಿದ ಹಾಗಾಯ್ತು.

ಅವನ ಕೋರ್ಸು ಬೋರು. ಡ್ರೈವರ್ ಎತ್ತಿ ಒಂದು ಹೊಡೆತ ಹೊಡೆದರೆ ಚೆಂಡು ಗ್ರೀನಿನ ಹತ್ತಿರ, ಬಂಕರುಗಳೆಲ್ಲ ಕೆಳಗೆ ಉಳಿದವು. ನನ್ನ ಕೋರ್ಸು ಹಾಗಲ್ಲ. ಹಿಕರಿ ಹಿಡಿ ಬಾಗುತ್ತೆ, ಅವಸರ ಮಾಡಿದರೆ ಚೆಂಡು ಬಲಕ್ಕೆ ಓಡುತ್ತೆ. ಗಾಳಿಗೆ ಎದುರಾಗಿ ಎತ್ತಿ ಹೊಡೆದರೆ ಚೆಂಡು ವಾಪಸ್ ಬಂದ ಹಾಗೇ ಅನ್ನಿಸುತ್ತೆ. ಹಾಗಾಗಿ ನೆಲಕ್ಕೆ ಅಂಟಿಸಿ ಉರುಳಿಸಿಕೊಂಡು ಹೋಗಬೇಕು, ಉರುಳಿಸಬೇಕಾದರೆ ನೆಲದ ಏರಿಳಿತ ಓದಬೇಕು. ಬಸ್ಸಿನಿಂದ ಇಳಿದಾಗ ಸಪಾಟು ಅಂತ ಕಂಡ ನೆಲ ಸಪಾಟಾಗಿರಲಿಲ್ಲ. ಹಳೆಯ ಹೊದಿಕೆ ಹಾಸಿದ ಹಾಗೆ ಎಲ್ಲ ಕಡೆ ಸಣ್ಣ ಸಣ್ಣ ಸುಕ್ಕು.

ಈ ಕೋರ್ಸು ಚಿಕ್ಕದಾಗಲಿಲ್ಲ, ಚೆಂಡು ದೂರ ಹೋಗತೊಡಗಿತು. ಗರಿ ತುಂಬಿದ ತೊಗಲಿನ ಚೆಂಡು, 1848ರ ಸುಮಾರಿಗೆ ಬಂದ ಗಟಾಪರ್ಚಾ ಅನ್ನೋ ಮರದ ಅಂಟಿನ ಚೆಂಡು, 1900ರ ಆಸುಪಾಸಿನಲ್ಲಿ ಬಂದ ರಬ್ಬರ್ ಎಳೆ ಸುತ್ತಿದ ಚೆಂಡು. ಪ್ರತಿ ಸಲ ಚೆಂಡು ಬದಲಾದಾಗಲೂ ಇದ್ದ ನೆಲ ಸಾಲದಾಯ್ತು. ಉಳಿದ ಕೋರ್ಸುಗಳು ಪಕ್ಕದ ಹೊಲ ಕೊಂಡು ಉದ್ದವಾದವು. ರಸ್ತೆ, ರೇಸು, ಸಮುದ್ರ, ಊರು ಸುತ್ತುವರಿದ ಈ ಜಾಗ ಎಲ್ಲಿಗೆ ಬೆಳೆಯಬೇಕು? ಹೊಸ ವರ್ಷನ್ನಿಗೆ ಹಳೆಯ ಮಶೀನಿನಲ್ಲಿ ಜಾಗ ಸಾಲದಾದರೆ ತಪ್ಪು ಮಶೀನಿನದ್ದು ಅಂತಲೇ ನಾವೂ ರಿಪೋರ್ಟ್ ಬರೀತೀವಿ ಬಿಡಿ.

ಹೋಲುಗಳಿಗೆ ನಂಬರಿಗಿಂತ ಹೆಸರು ಮುಖ್ಯ. ಮೊದಲನೆಯದು ‘ಶಾರ್ಟ್ ಹೋಲ್’. ಎರಡನೆಯದು ‘ದಿ ಗ್ರೇವ್ಸ್’. 1547ರಲ್ಲಿ ಇಂಗ್ಲಿಷರ ಸೈನ್ಯ ಇಲ್ಲೇ ಹತ್ತಿರ ಪಿಂಕಿ ಅನ್ನೋ ಕಡೆ ಸ್ಕಾಟರನ್ನು ಸೋಲಿಸಿತ್ತು, ಸತ್ತ ಸೈನಿಕರನ್ನು ಹೂತದ್ದು ಇಲ್ಲೇ ಅಂತ ಪ್ರತೀತಿ. ಮೂರನೆಯದು ‘ಲಿಂಕ್‌ಫೀಲ್ಡ್’. ಒಂಬತ್ತನೆಯದು ‘ಗ್ಯಾಸ್’, ಯಾಕಂದ್ರೆ ಅಲ್ಲಿ ಊರಿನ ಗ್ಯಾಸ್ ಕಾರ್ಖಾನೆ ಇತ್ತು. ನಮ್ಮ ಕಡೆ ಹೊಲಗಳಿಗೆ ಹೆಸರಿರುತ್ತಲ್ಲ, ಹುಣಸೆಮರದ ಹೊಲ, ಗುಡಿ ಹಿಂದಿನ ಹೊಲ ಅಂತ, ಆ ಥರ. ಬೆಂಗಳೂರಿನ ಲೇಔಟುಗಳ ‘ಪಾಮ್ ಮೆಡೋಸ್’ ಥರ ಅಲ್ಲ.

ನಾಲ್ಕನೆಯದರ ಬಗ್ಗೆ ನಿಂತು ಮಾತಾಡಬೇಕು. ‘ಮಿಸೆಸ್ ಫೋರ್ಮನ್ಸ್’. ಫೋರ್ಮನ್ ಅನ್ನೋ ಹೆಂಗಸು ಗ್ರೀನಿನ ಪಕ್ಕದಲ್ಲೇ ಹೆಂಡದಂಗಡಿ ನಡೆಸುತ್ತಿದ್ದಳು. ಗೋಡೆಯಲ್ಲಿದ್ದ ಸಣ್ಣ ಕಿಂಡಿಯಿಂದ ಆಟಗಾರರಿಗೆ ಗ್ಲಾಸು ಬರುತ್ತಿತ್ತು. ಈ ಕೋರ್ಸಿನಲ್ಲೇ ಒಳ್ಳೆಯ ಹೋಲ್ ಇದು ಅಂತ ನನ್ನ ತೀರ್ಮಾನ. ಉದ್ದವಾಗಿದೆ, ರಸ್ತೆ ಉದ್ದಕ್ಕೂ ಪಕ್ಕದಲ್ಲೇ ಬರುತ್ತೆ, ತಪ್ಪಿದರೆ ಚೆಂಡು ಟಾರಿಗೆ. ಹಿಂದೆ ರಸ್ತೆಗೆ ಬಿದ್ದ ಚೆಂಡನ್ನು ಅಲ್ಲಿಂದಲೇ ಹೊಡೆಯುತ್ತಿದ್ದರಂತೆ. ಕಲ್ಲಿಗೆ ತಾಗಿ ಮರದ ಕೋಲು ಒಡೆಯಬಾರದು ಅಂತ ಅಡಿಗೆ ಹಿತ್ತಾಳೆ ತಗಡು ಬಡಿದರು, ‘ಬ್ರಾಸಿ’ ಅನ್ನೋ ಕೋಲು ಹಾಗೆ ಹುಟ್ಟಿತು ಅಂತ ಇಲ್ಲಿನವರ ಮಾತು. ಗಾಡಿ ಎತ್ತಿನ ಗೊರಸಿಗೆ ಲಾಳ ಕಟ್ಟಿಸಿದ ಹಾಗೆ. ನನ್ನ ಚೆಂಡೂ ರಸ್ತೆ ಕಡೆ ಹೋಯ್ತು. ಬಸ್ಸಿಗೆ ಕಾಯುತ್ತಾ ನಿಂತಿದ್ದ ಒಬ್ಬ ಅಜ್ಜ ಬೂಟುಕಾಲಿನಲ್ಲಿ ಅದನ್ನು ತಡೆದು ವಾಪಸ್ ಎಸೆದರು. ಎಸೆದು, ಬಸ್ಸು ಬಂದ ಕೂಡಲೇ ಹತ್ತಿ ಹೋದರು. ದಿನಕ್ಕೆ ಎಷ್ಟು ಚೆಂಡು ಎಸೀತಾರೋ ಏನೋ.

ಇದೇ ಜಾಗದಲ್ಲಿ 1870ರ ಏಪ್ರಿಲ್‌ನಲ್ಲಿ ಒಂದು ದೊಡ್ಡ ಪಂದ್ಯ ಕೆಟ್ಟುಹೋಯ್ತು. ಸೇಂಟ್ ಆಂಡ್ರೂಸ್‌ನ ಓಲ್ಡ್ ಟಾಮ್ ಮಾರಿಸ್‌ಗೂ ಇಲ್ಲಿನವನೇ ಆದ ವಿಲ್ಲಿ ಪಾರ್ಕ್‌ಗೂ ಬಾಜಿ ಕಟ್ಟಿದ ಪಂದ್ಯ. ಪಾರ್ಕ್ ಅಂದ್ರೆ 1860ರ ಮೊಟ್ಟಮೊದಲ ಓಪನ್ ಗೆದ್ದವನು. ಊರಿಗೆ ಊರೇ ಸೇರಿತ್ತು. ಮಾರಿಸ್‌ನ ಚೆಂಡನ್ನು ಜನ ಕಾಲಲ್ಲಿ ಒದ್ದು ಕೆಟ್ಟ ಜಾಗಕ್ಕೆ ತಳ್ಳುತ್ತಿದ್ದರು ಅಂತ ದೂರು. ಆರು ಹೋಲ್ ಬಾಕಿ ಇದ್ದಾಗ ಮಾರಿಸ್ ಬೇಸತ್ತು ಆಟ ನಿಲ್ಲಿಸಿ, ತೀರ್ಪುಗಾರ ರಾಬರ್ಟ್ ಚೇಂಬರ್ಸ್ ಜೊತೆ ಮಿಸೆಸ್ ಫೋರ್ಮನ್ ಅಂಗಡಿ ಒಳಗೆ ಹೋಗಿ ಕೂತುಬಿಟ್ಟ. ಪಾರ್ಕ್ ಹೊರಗೆ ಒಬ್ಬನೇ ಉಳಿದ ಹೋಲುಗಳನ್ನೂ ಆಡಿ ನಾನೇ ಗೆದ್ದೆ ಅಂದ. ಗಾಲ್ಫ್ ಇತಿಹಾಸ ಬರೆಯುವವರು ಇದನ್ನು ಮಸಲ್‌ಬರ್ಗಿನವರ ಪುಂಡಾಟ ಅಂತ ಬರೀತಾರೆ. ಪುಂಡಾಟವೇ, ಇಲ್ಲ ಅನ್ನಲ್ಲ. ಆದರೆ ಜಾತ್ರೆ ಕುಸ್ತಿ ನೋಡಿದವನಿಗೆ ಇನ್ನೊಂದೂ ಕಾಣುತ್ತೆ. ಹಗ್ಗದ ಆಚೆ ನಿಂತು ಮೆಲ್ಲಗೆ ಚಪ್ಪಾಳೆ ತಟ್ಟೋ ಪ್ರೇಕ್ಷಕರಲ್ಲ ಅವರು. ನೆಲ ಅವರದ್ದು, ಆಟ ಅವರದ್ದು, ಆಟಗಾರ ಅವರ ಬೀದಿಯವನು.

ಈ ಒಂದು ಊರಿನಿಂದ ಐದು ಜನ ಓಪನ್ ಚಾಂಪಿಯನ್ನರು ಬಂದರು, ಐವರೂ ಸೇರಿ ಗೆದ್ದದ್ದು ಹನ್ನೊಂದು ಸಲ. ಯಾರಿವರು? ಪಾರ್ಕ್, ಅವನ ತಮ್ಮ ಮಂಗೋ, ಮಗ ವಿಲ್ಲಿ ಜೂನಿಯರ್. 1886ರಲ್ಲಿ ಗೆದ್ದ ಡೇವಿಡ್ ಬ್ರೌನ್ ಮನೆಗಳಿಗೆ ಸ್ಲೇಟು ಕಲ್ಲಿನ ಸೂರು ಹೊದಿಸುವವನು. ಬಾಬ್ ಫರ್ಗ್ಯೂಸನ್ 1880, 81, 82 ಸತತ ಮೂರು ಸಲ ಗೆದ್ದ. ನಾಲ್ಕನೆಯದು 1883ರಲ್ಲಿ ಇದೇ ನೆಲದಲ್ಲಿ, ವಿಲ್ಲಿ ಫರ್ನಿ ಜೊತೆ ಟೈ ಆಗಿ ಪ್ಲೇಆಫ್‌ನಲ್ಲಿ ಒಂದೇ ಒಂದು ಹೊಡೆತದಿಂದ ಸೋತ. ಆ ಫರ್ನಿಯೋ, ಅದೇ ಟೂರ್ನಿಯಲ್ಲಿ ಒಂದು ಹೋಲಿಗೆ ಹತ್ತು ಹೊಡೆತ ತಗೊಂಡಿದ್ದವನು! ಆಮೇಲೆ ಫರ್ಗ್ಯೂಸನ್‌ಗೆ ಟೈಫಾಯಿಡ್ ಬಂತು, ಹಳೆಯ ಆಟ ಮತ್ತೆ ಬರಲಿಲ್ಲ. ಇದೇ ಮಸಲ್‌ಬರ್ಗಿನಲ್ಲಿ ಹುಲ್ಲು ನೋಡಿಕೊಳ್ಳುತ್ತಾ, ಬೇರೆಯವರ ಕೋಲು ಹೊರುತ್ತಾ ಬದುಕಿದ. ಮೂರು ಸಲದ ಚಾಂಪಿಯನ್ ತಾನು ಗೆದ್ದ ಹುಲ್ಲನ್ನೇ ಕತ್ತರಿಸುತ್ತಿದ್ದ ಅನ್ನೋದನ್ನು ಓದಿ ನಾನು ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟಿದ್ದೆ.

ಇಷ್ಟೆಲ್ಲ ಇದ್ದೂ ಈ ಕೋರ್ಸು ತನ್ನನ್ನು ತಾನು ಮಾರಿಕೊಳ್ಳುವುದು ಹೇಗೆ? ‘ಜಗತ್ತಿನ ಅತಿ ಹಳೆಯ ಗಾಲ್ಫ್ ಕೋರ್ಸ್’ ಅಂತ. ಗಿನ್ನೆಸ್‌ನವರ ಮುದ್ರೆ ಬೇರೆ. 1567ರಲ್ಲಿ ರಾಣಿ ಮೇರಿ ಇಲ್ಲಿ ಆಡಿದಳು ಅನ್ನೋದು ಪ್ರತೀತಿ. ಕಾಗದದ ಸಾಕ್ಷಿ ಸಿಗೋದು 1672ರದ್ದು. ಸರ್ ಜಾನ್ ಫೌಲಿಸ್ ಅನ್ನೋ ವಕೀಲ ಮಸಲ್‌ಬರ್ಗಿನ ಗಾಲ್ಫಿನಲ್ಲಿ ಸೋತ ದುಡ್ಡನ್ನು ತನ್ನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟ. ಆದರೆ ಸೇಂಟ್ ಆಂಡ್ರೂಸ್‌ನಲ್ಲಿ ಊರಿನವರು ಲಿಂಕ್ಸ್ ಮೇಲೆ ಆಡಬಹುದು ಅನ್ನೋ 1552ರ ಪತ್ರವೇ ಇದೆ. ಹಾಗಾಗಿ ‘ಅತಿ ಹಳೆಯದು’ ಅನ್ನೋ ವಾದ ವಕೀಲರಿಗೆ ಬಿಟ್ಟದ್ದು. ನನ್ನ ಆಕ್ಷೇಪ ಬೇರೆ. ರಾಣಿ ಆಡಿದಳೋ ಇಲ್ಲವೋ ಗೊತ್ತಿಲ್ಲದ ಕಥೆಯನ್ನು ಮುಂದಿಟ್ಟು, ಮೀನು ಮಾರುವ ಹೆಂಗಸರು ಆಡಿದ್ದು ಖಚಿತವಾಗಿ ಗೊತ್ತಿರುವ ಕಥೆಯನ್ನು ಹಿಂದೆ ಇಡೋದು ಯಾಕೆ?

ಆ ಕಥೆ ಹೀಗಿದೆ. ಮೀನಿನ ಬುಟ್ಟಿ ಬೆನ್ನಿಗೆ ಕಟ್ಟಿಕೊಂಡು ಎಡಿನ್‌ಬರೋದ ತನಕ ನಡೆದು ಮಾರಿ ಬರುತ್ತಿದ್ದ ಹೆಂಗಸರು ರಜಾ ದಿನ ಗಾಲ್ಫ್ ಆಡುತ್ತಿದ್ದರು. ಪಕ್ಕದ ಇನ್ವರೆಸ್ಕ್ ಚರ್ಚಿನ ಪಾದ್ರಿ ಅಲೆಕ್ಸಾಂಡರ್ ಕಾರ್ಲೈಲ್ 1790ರ ದಶಕದಲ್ಲೇ ಇದನ್ನು ಬರೆದಿದ್ದಾನೆ. ಮದುವೆಯಾದವರಿಗೂ ಆಗದವರಿಗೂ ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು, ಮದುವೆಯಾದವರೇ ಗೆಲ್ಲುತ್ತಿದ್ದರು ಅಂತಲೂ ಬರೆದಿದ್ದಾನೆ. 1810ರ ಕೊನೆಗೆ ಇಲ್ಲಿನ ಗಾಲ್ಫ್ ಕ್ಲಬ್ಬು ಒಂದು ತೀರ್ಮಾನ ಮಾಡಿತು. 1811ರ ಹೊಸ ವರ್ಷದ ದಿನ ಮೀನುಗಾರ ಹೆಂಗಸರ ಗಾಲ್ಫ್ ಪಂದ್ಯ, ಚೆನ್ನಾಗಿ ಆಡಿದವಳಿಗೆ ಹೊಸ ಮೀನಿನ ಬುಟ್ಟಿ ಮತ್ತು ಶಾಲು ಬಹುಮಾನ. ಹೆಂಗಸರ ಗಾಲ್ಫ್ ಟೂರ್ನಿಯ ಮೊದಲ ದಾಖಲೆಗಳಲ್ಲಿ ಇದೂ ಒಂದು. ಗೆದ್ದವಳು ಆ ಬುಟ್ಟಿಯನ್ನು ಗಾಜಿನ ಕಪಾಟಿನಲ್ಲಿ ಇಟ್ಟಿರಲಾರಳು, ಬೆನ್ನಿಗೆ ಕಟ್ಟಿಕೊಂಡು ಕೆಲಸಕ್ಕೆ ಹೋಗಿರಬೇಕು.

ಈಗ ಇನ್ನೊಂದು ದಿನಾಂಕ ನೋಡಿ. ಲೀತ್‌ನಲ್ಲಿ ಆ ಹದಿಮೂರು ನಿಯಮ ಬರೆದವರ ಕ್ಲಬ್ಬು, ‘ಆನರಬಲ್ ಕಂಪನಿ ಆಫ್ ಎಡಿನ್‌ಬರೋ ಗಾಲ್ಫರ್ಸ್’, 1836ರಲ್ಲಿ ಮಸಲ್‌ಬರ್ಗಿಗೆ ಬಂದಿತ್ತು. ಜನಜಂಗುಳಿ ಜಾಸ್ತಿಯಾಯ್ತು ಅಂತ 1891ರಲ್ಲಿ ಇನ್ನೂ ಪೂರ್ವಕ್ಕೆ ಹೋಗಿ ಮ್ಯೂರ್‌ಫೀಲ್ಡ್ ಅನ್ನೋ ತಮ್ಮದೇ ಕೋರ್ಸು ಮಾಡಿಕೊಂಡರು. ಹೋಗುವಾಗ ಓಪನ್ನನ್ನೂ ಕಟ್ಟಿಕೊಂಡು ಹೋದರು. 1892ರಿಂದ ಮಸಲ್‌ಬರ್ಗಿಗೆ ಓಪನ್ ಮರಳಲಿಲ್ಲ. ಊರಿನವರು ಸಿಟ್ಟಿನಿಂದ ಅದೇ ವರ್ಷ ತಮ್ಮದೇ ಪೋಟಿ ಟೂರ್ನಿ ನಡೆಸಿದರು, ಅಷ್ಟೇ. ಆ ಮ್ಯೂರ್‌ಫೀಲ್ಡು ಎಲ್ಲ ‘ಟಾಪ್’ ಪಟ್ಟಿಗಳಲ್ಲೂ ಮೇಲೇ ಇರುತ್ತೆ. ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಬೇಕೋ ಬೇಡವೋ ಅಂತ 2016ರಲ್ಲಿ ಅಲ್ಲಿ ಮತ ಹಾಕಿದರು, ಮೂರನೇ ಎರಡರಷ್ಟು ಮತ ಬೀಳಲಿಲ್ಲ. ಇಲ್ಲಿ ಇನ್ನು ಓಪನ್ ನಡೆಸೋದಿಲ್ಲ ಅಂತ ಆರ್ ಅಂಡ್ ಎ ಹೇಳಿದ ಮೇಲೆ 2017ರಲ್ಲಿ ಮತ್ತೆ ಮತ ಹಾಕಿ ಒಪ್ಪಿದರು. 1811ರಿಂದ 2017, ಇನ್ನೂರಾ ಆರು ವರ್ಷ. ಉದ್ದ, ಕಷ್ಟ, ನಯ, ನೋಟ ಅಂತ ಅಂಕ ಕೊಡುವ ಪಟ್ಟಿಯಲ್ಲಿ ಇದಕ್ಕೆ ಕಾಲಂ ಇಲ್ಲ.

ಗಾಲ್ಫ್ ಕೋರ್ಸಿನ ವಿಮರ್ಶೆಯಲ್ಲಿ ಇದೆಲ್ಲ ಯಾಕೆ, ಆಟದ ಬಗ್ಗೆ ಮಾತ್ರ ಮಾತಾಡಿ ಅನ್ನಬಹುದು. ಆದರೆ ಆಟದ ನೆಲವನ್ನು ಅಳೆಯುವಾಗ ಅಲ್ಲಿ ಯಾರು ಕಾಲಿಡಬಹುದು ಅನ್ನೋದನ್ನು ಬಿಟ್ಟು ಅಳೆದರೆ, ಬಾಗಿಲಿಲ್ಲದ ಮನೆಗೆ ವಾಸ್ತು ಹೇಳಿದ ಹಾಗೆ. ಸೇಂಟ್ ಆಂಡ್ರೂಸ್ ಕೂಡ ಊರಿನವರದ್ದೇ, ಭಾನುವಾರ ಓಲ್ಡ್ ಕೋರ್ಸಿನಲ್ಲಿ ಆಟ ಇಲ್ಲ, ಜನ ನಾಯಿ ಹಿಡ್ಕೊಂಡು ಅಡ್ಡಾಡ್ತಾರೆ. ಅದು ತೀರ್ಥಕ್ಷೇತ್ರ ಆಗಿಯೂ ಉಳಿದುಕೊಂಡಿತು. ಮಸಲ್‌ಬರ್ಗ್ ಬರೀ ಊರಿನ ಗುಡಿಯಾಗಿ ಉಳಿಯಿತು.

ಹಾಗಂತ ಪ್ರೀತಿ ಹೆಚ್ಚಾಗಿ ದೋಷ ಮುಚ್ಚಿಡಬಾರದು. ಎರಡು ಮತ್ತು ಮೂರನೇ ಹೋಲುಗಳು ಒಂದೇ ದಿಕ್ಕಿಗೆ, ಒಂದೇ ಥರ. ಹೆಸರು ಮರೆತರೆ ಯಾವುದು ಯಾವುದು ಅಂತ ಹೇಳೋದು ಕಷ್ಟ. ರೇಸಿನ ಕಂಬಿಗಳಿಗೆ ಚೆಂಡು ಬಡಿದು ಎಲ್ಲಿಗೆ ಹೋಗುತ್ತೆ ಅನ್ನೋದು ಬರೀ ಅದೃಷ್ಟ, ಅದರಲ್ಲಿ ಯಾವ ಕಲೆಯೂ ಇಲ್ಲ. ಐದನೆಯದಕ್ಕೆ ‘ಸೀ ಹೋಲ್’ ಅಂತ ಹೆಸರು, ಸಮುದ್ರ ಮಾತ್ರ ವಾಸನೆಯಲ್ಲೇ ಹೆಚ್ಚು ಸಿಗುತ್ತೆ. ಪೂರ್ವದ ತೀರದಲ್ಲಿ ಕಾಕೆಂಜಿ ವಿದ್ಯುತ್ ಸ್ಥಾವರದ ಬೂದಿ ತುಂಬಿ ಹೊಸ ನೆಲ ಮಾಡಿದ್ದಾರೆ. ಸ್ಥಾವರದ ಜೋಡಿ ಚಿಮಣಿಗಳನ್ನು 2015ರಲ್ಲಿ ಉರುಳಿಸಿದರು, ಬೂದಿ ಉಳಿಯಿತು. ಈಗ ಅಲ್ಲಿ ಹಕ್ಕಿ ನೋಡೋರು ಬರ್ತಾರೆ. ಆರನೆಯದು ‘ದಿ ಟೇಬಲ್’. ಗ್ರೀನು ಹೆಸರಿಗೆ ತಕ್ಕಂತಿದೆ. ಮೇಲೆ ನಿಂತ ಚೆಂಡು ನಿಲ್ಲುತ್ತೆ, ಸ್ವಲ್ಪ ಹೆಚ್ಚಾದದ್ದು ಆಚೆ ಜಾರುತ್ತೆ. ಅಲ್ಲಿ ಟೈಟಾನಿಯಂ ಮೂರು ಸಲ ಆಚೆ ಈಚೆ ಹೋಯ್ತು ಅಂತ ದಾಖಲಿಸೋಕೆ ನನಗೆ ಸಂತೋಷ.

ಮುಗಿಸಿದ ಮೇಲೆ ಒಂಬತ್ತನೇ ಹೋಲಿನೊಳಗೆ ಕೈ ಹಾಕಿ ಚೆಂಡು ತೆಗೆಯುವಾಗ ಗೆಳೆಯನಿಗೆ ಹೇಳಿದೆ, ಈ ಗುಳಿಯ ಅಗಲವೂ ಇದೇ ಊರಿಂದು ಅಂತ. 1829ರಲ್ಲಿ ಇಲ್ಲಿನ ಕ್ಲಬ್ಬು ಹೋಲ್ ತೆಗೆಯುವ ಉಪಕರಣ ಮಾಡಿಸಿತು, ಅದು ಕೊರೆಯುತ್ತಿದ್ದ ಗುಳಿ ನಾಲ್ಕೂಕಾಲು ಇಂಚು. 1890ರ ದಶಕದಲ್ಲಿ ಅದೇ ಅಳತೆ ಎಲ್ಲರಿಗೂ ನಿಯಮವಾಯ್ತು. ಇವತ್ತು ಬೆಂಗಳೂರಿನ 1876ರ ಹಳೆಯ ಕ್ಲಬ್ಬಿನಲ್ಲೂ, ಟೋಕಿಯೋದಲ್ಲೂ, ಫ್ಲೋರಿಡಾದಲ್ಲೂ ಗುಳಿ ಅಷ್ಟೇ. ನಾವು ಗೋಲಿ ಆಡೋಕೆ ಹಿಮ್ಮಡಿ ತಿರುಗಿಸಿ ಗುಳಿ ತೋಡುತ್ತಿದ್ವಿ, ದೊಡ್ಡ ಕಾಲಿನವನು ತೋಡಿದರೆ ಜಗಳ. ಅವರು ಆ ಜಗಳಕ್ಕೆ ಒಂದು ಮಶೀನ್ ಮಾಡಿದರು.

“ಅಲ್ಲಲೇ, ಇದನ್ನ ಮೊದಲ ಹೇಳಬೇಕಿಲ್ಲೋ?” ಅಂದ ಗೆಳೆಯ. ಹೋಗಿ ಇನ್ನೊಂದು ಸುತ್ತಿಗೆ ದುಡ್ಡು ಕಟ್ಟಿ, ಈ ಸಲ ಹಿಕರಿ ತಗೊಂಡ.

ಅವನು ಬರುವ ತನಕ ಕಂಬಿಗೆ ಒರಗಿ ಫೋನ್ ತೆಗೆದೆ. ವಾಟ್ಸಾಪಿನಲ್ಲಿ ಒಂದು ಮೆಸೇಜ್ ಕಾದಿತ್ತು. ಬೆಂಗಳೂರಿನ ಹೊರಗೆ ಒಂದು ಪ್ರಾಜೆಕ್ಟಿನಲ್ಲಿ ಫ್ಲಾಟ್ ನೋಡಿ ಬಂದಿದ್ದೆ. ಬ್ರೋಶರಿನಲ್ಲಿ ‘ಗಾಲ್ಫ್ ವ್ಯೂ’ ಅಂತ ಇತ್ತು, ಆ ಕಡೆ ಬಾಲ್ಕನಿ ಬೇಕಂದ್ರೆ ಚದರಡಿಗೆ ಬೇರೆ ರೇಟು. ‘ಸರ್, ಓನ್ಲಿ ಫ್ಯೂ ಯೂನಿಟ್ಸ್ ಲೆಫ್ಟ್’ ಅಂತ ಹುಡುಗ ಬರೆದಿದ್ದ. ಆ ಬಾಲ್ಕನಿಯಿಂದ ಕಾಣುವ ಹುಲ್ಲಿನ ಮೇಲೆ ನಾನು ಕಾಲಿಡೋಕೆ ಇನ್ನೊಂದು ಮೆಂಬರ್‌ಶಿಪ್ ಬೇಕು, ಅದರ ದುಡ್ಡು ನನ್ನ ಹತ್ತಿರ ಇಲ್ಲ. ಅಡ್ವಾನ್ಸ್ ಕಟ್ಟೋಕೆ ಮಾತ್ರ ಒಪ್ಪಿಕೊಂಡಿದ್ದೆ. ಅಲ್ಲಿ ಮೊದಲು ಏನಿತ್ತು ಅಂತ ನಾನೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ನಮ್ಮೂರಿನ ಗೋಮಾಳದಲ್ಲಿ ಈಗ ಮುಕ್ಕಾಲು ಪಾಲು ತಂತಿಬೇಲಿ. ಯಾರು ಯಾವಾಗ ಹಾಕಿದರು ಅಂತ ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಬೇಲಿ ಬಿದ್ದಾಗ ನಾನು ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ಡೇಟಾ ಸ್ಟ್ರಕ್ಚರ್ಸ್ ಓದ್ತಿದ್ದೆ.

ಮೆಸೇಜಿಗೆ ಉತ್ತರ ಬರೆಯಲಿಲ್ಲ. ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಸಂಜೆ ನಾಲ್ಕೂವರೆ, ಹಸುಗಳಿಗೆ ನೀರು ತೋರಿಸೋ ಹೊತ್ತು. ವಿಡಿಯೋ ತಿರುಗಿಸಿ ಮೈದಾನ ತೋರಿಸಿದೆ.

“ಹುಲ್ಲು ಚೆನ್ನಾಗೈತಲ್ಲೋ. ದನ ಬಿಡ್ತಾರಾ?”

“ಮುಂಚೆ ಕುರಿ ಬಿಡ್ತಿದ್ರಂತೆ ಅಪ್ಪ. ಈಗ ಚೆಂಡು ಹೊಡೀತಾರೆ.”

“ಯಾರ್ದು ಜಾಗ?”

“ಊರೋರ್ದು.”

ಅಪ್ಪ ಸ್ವಲ್ಪ ಹೊತ್ತು ನೋಡಿದರು. “ಊರೋರ್ದು ಅಂದ್ರೆ ಅಷ್ಟು ವರ್ಷದಿಂದ ಯಾರೂ ಬೇಲಿ ಹಾಕ್ಲಿಲ್ವಾ?”

“ಹಾಕವ್ರೆ, ಈ ಬಿಳಿ ಕಂಬಿ ಕಾಣ್ತೈತಲ್ಲ. ಕುದುರೆಗೆ.”

“ಕುದುರೆಗಾ?” ಅಂತ ನಕ್ಕರು. ಹಿಂದಿನಿಂದ ಹಸು ಕೂಗಿತು. ಆಮೇಲೆ ಮಾಡ್ತೀನಿ ಅಂತ ಇಟ್ಟರು.

ಗೆಳೆಯ ಮೊದಲನೇ ಟೀ ಹತ್ತಿರ ನಿಂತು ಹಿಕರಿ ಕೋಲನ್ನು ಗಾಳಿಯಲ್ಲಿ ಬೀಸಿ ನೋಡುತ್ತಿದ್ದ. ನಮ್ಮ ಮುಂದೆ ಒಬ್ಬಾಕೆ ಮಗುವಿನ ಗಾಡಿ ತಳ್ಳಿಕೊಂಡು ರೇಸಿನ ಪಟ್ಟಿ ದಾಟುತ್ತಿದ್ದಳು. ಅವಳು ಆಚೆ ಹೋಗೋ ತನಕ ಇಬ್ಬರೂ ನಿಂತ್ವಿ.